ನಿನ್ನ ಹೆಗಲ ಮೇಲಿನ ಟವಲು

ಅಪ್ಪಾ,

ನಾನು, ನಿನ್ನ ರತ್ನಿ. ನಿನಗೆ ಓದು ಬಾರದೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಬಸ್ಸನ್ನು ಅದರ ಬೋರ್ಡಿನಿಂದಲ್ಲ, ಬಣ್ಣದಿಂದ ಗುರುತು ಹಿಡಿಯುತ್ತಿದ್ದವನು ನೀನು. ಇರಲಿ, ನೀನಿರುವ ಕಡೆ ಅಕ್ಷರ ಬಲ್ಲವರು ಯಾರಾದರೂ ಸಿಕ್ಕೇ ಸಿಗುತ್ತಾರೆ, ಓದಿಸಿಕೋ. ಆದರೆ ಸಂತೆಯಲ್ಲಿ ಕೂಗಿದ ಹಾಗೆ ಗಟ್ಟಿಯಾಗಿ ಓದಿಸಬೇಡ. ಇದರಲ್ಲಿ ಟವಲಿನ ಕೆಳಗಿನ ಮಾತೊಂದಿದೆ. ನೀನು ನನಗೆ ಹೇಳದೇ ಹೋದ ಮಾತು. ಮೊನ್ನೆ ಹಿರಿಯರ ಹಬ್ಬದ ದಿನ, ನಿನಗೆ ಮೊದಲ ಸಲ ಎಡೆ ಇಟ್ಟ ದಿನ, ಅದು ನನಗೆ ಗೊತ್ತಾಯಿತು.

ನನಗೆ ನೆನಪಿರುವ ಮೊದಲ ದನದ ಸಂತೆಯಲ್ಲಿ ನಾನು ನಿನ್ನ ಹೆಗಲ ಮೇಲಿದ್ದೆ. ಕೆಳಗೆ ಎಲ್ಲಿ ನೋಡಿದರೂ ಎತ್ತುಗಳ ಬೆನ್ನು, ಧೂಳು. ನೀನು ಒಬ್ಬ ರೈತನ ಕೈ ಮೇಲೆ ಟವಲು ಹಾಕಿ ಅದರೊಳಗೆ ನಿನ್ನ ಕೈ ತೂರಿಸಿದೆ. ಇಬ್ಬರೂ ಬಾಯಿ ಬಿಡಲಿಲ್ಲ. ಅವನು ತಲೆ ಅಲ್ಲಾಡಿಸಿದ, ನೀನು ನಕ್ಕೆ, ಅವನು ಹುಬ್ಬು ಗಂಟಿಕ್ಕಿದ, ಕಡೆಗೆ ಕೈಗೆ ಕೈ ತಟ್ಟಿದಿರಿ. ಒಳಗೆ ಏನು ಮಾಡುತ್ತಿದ್ದೆ ಎಂದು ಕೇಳಿದೆ. "ಎತ್ತಿನ ಬೆಲೆ ಮಾತಾಡ್ತಿದ್ದೆ ಕಣಮ್ಮಿ. ಒಂದು ಬೆರಳು ಹಿಡಿದ್ರೆ ಒಂದು, ಎರಡು ಹಿಡಿದ್ರೆ ಎರಡು. ಸುತ್ತ ನಿಂತಿರೋ ಜನಕ್ಕೆ ಗೊತ್ತಾಗ್ಬಾರ್ದು, ಅಷ್ಟೇಯ," ಅಂದೆ. ಅಮ್ಮನಿಗೂ ಹೇಳುವುದಿಲ್ಲವಾ ಅಂದರೆ, "ಅವಳ್ಗೂವೆ ಇಲ್ಲ. ಟವಲಿನ ಕೆಳಗಿನ ಮಾತು ಮೇಲಕ್ಕೆ ತಂದವನು ದಲ್ಲಾಳಿ ಅಲ್ಲ, ಚಾಡಿಕೋರ," ಎಂದು ನಕ್ಕಿದ್ದೆ.

ಬೆರಳಿನ ಮಾತು ಕಡೆಯದು, ಅದಕ್ಕೆ ಮೊದಲು ಬಾಯಿಯ ಮಾತು ಎಷ್ಟಿರುತ್ತಿತ್ತು! ಬೇರಿಕೆ ಕಡೆಯ ರೈತನಿಗೆ ಕನ್ನಡ, ಕೃಷ್ಣಗಿರಿಯಿಂದ ಬಂದವನಿಗೆ ತಮಿಳು, ಕುಪ್ಪಂ ಕಡೆಯವನಿಗೆ ತೆಲುಗು. ಬಡಕಲು ಹೋರಿಯನ್ನು ಮೂರು ಭಾಷೆಯಲ್ಲಿ ಹೊಗಳಿ ಬಸವಣ್ಣನನ್ನೇ ಮಾಡಿಬಿಡುತ್ತಿದ್ದೆ. ನಡುನಡುವೆ ಸೊಂಟದ ಚೀಲದಿಂದ ಒಂದು ಚಿಟಿಕೆ ಹೊಗೆಸೊಪ್ಪು ತೆಗೆದು ಎಡಗೆನ್ನೆಯೊಳಗೆ ಇಡುತ್ತಿದ್ದೆ. ಅದು ಅಲ್ಲೇ ದಿನವಿಡೀ ಕೂತಿರುತ್ತಿತ್ತು. ನಮ್ಮ ಕಡೆ ಯಾರು ಇಡುತ್ತಿರಲಿಲ್ಲ ಹೇಳು? ಕಳೆ ಕೀಳುವ ಹೆಂಗಸರೂ ಹಸಿವಾಗದಿರಲೆಂದು ಇಟ್ಟುಕೊಳ್ಳುತ್ತಿದ್ದರು. ಎಲೆಅಡಿಕೆ ಕೊಡದ ಮನೆಗೆ ನೆಂಟರು ಎರಡನೇ ಸಲ ಬರುತ್ತಿರಲಿಲ್ಲ.

ಆ ಎಡಗೆನ್ನೆಯಲ್ಲೇ ಹುಣ್ಣಾಯಿತು. ಉಷ್ಣ ಎಂದು ಅಮ್ಮ ಬೆಣ್ಣೆ ಹಚ್ಚಿದಳು. ಕೋರೆಹಲ್ಲು ತಾಗುತ್ತಿದೆ ಎಂದು ನೀನಂದೆ. ಸಾರಿನ ಖಾರ ತಗುಲಿ ನೀನು ತಟ್ಟೆ ಬಿಟ್ಟು ಹಿತ್ತಲಿಗೆ ಓಡಿದ ದಿನವೂ ಅಮ್ಮನ ಮೆಣಸಿನಕಾಯಿಗೇ ಬೈದೆ. ಹೊಸೂರಿನ ಡಾಕ್ಟರು ಬಾಯಿಯೊಳಗೆ ಬ್ಯಾಟರಿ ಬಿಟ್ಟು ನೋಡಿ, ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಚೀಟಿ ಬರೆದರು. ಅಲ್ಲಿ ದಿನಕ್ಕೊಬ್ಬ ಡಾಕ್ಟರು ಬಂದು "ಆ ಅನ್ನಿ" ಎಂದು ನಿನ್ನ ಬಾಯಿ ಬಿಡಿಸಿ ನೋಡುತ್ತಿದ್ದರು. ಎಷ್ಟು ಎತ್ತಿನ ಬಾಯಿ ಬಿಡಿಸಿ ವಯಸ್ಸು ಹೇಳಿದವನು ನೀನು! "ಹಲ್ಲು ನೋಡಿ ಬೆಲೆ ಕಟ್ತಾವ್ರೆ ಕಣಮ್ಮಿ. ಮುದಿ ಎತ್ತು, ಯಾವನು ಕೊಂತಾನೆ," ಅಂದೆ. ನಾನು ನಕ್ಕೆ. ಅದು ನಿನ್ನ ಬಾಯಿಂದ ನಾನು ಸ್ಪಷ್ಟವಾಗಿ ಕೇಳಿದ ಕಡೆಯ ತಮಾಷೆ ಎಂದು ಗೊತ್ತಿದ್ದರೆ...

ಆಸ್ಪತ್ರೆಯಿಂದ ಮನೆಗೆ ಬಂದ ಬಸ್ಸಿನ ದಾರಿ ನೆನಪಿದೆಯಾ? ದವಡೆಯ ಒಂದು ಭಾಗ ತೆಗೆದಿದ್ದರು. ಹಲ್ಲು ಕಿತ್ತಿದ್ದರು. ಆಮೇಲೆ ವಾರಗಟ್ಟಲೆ ಮಿಷನ್ನಿನ ಕೆಳಗೆ ಮಲಗಿಸಿ ಕರೆಂಟು ಕೊಟ್ಟಿದ್ದರಿಂದ ಕೆನ್ನೆ, ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ನೀನು ಮೂಗಿನವರೆಗೆ ಟವಲು ಸುತ್ತಿ ಕಿಟಕಿಯ ಪಕ್ಕ ಕೂತಿದ್ದೆ. ಅತ್ತಿಬೆಲೆ ದಾಟಿ ಜೂಜುವಾಡಿಯ ಹತ್ತಿರ ಲಾರಿಗಳ ಸಾಲಿನ ಹಿಂದೆ ಬಸ್ಸು ನಿಂತಾಗ ಕಂಡಕ್ಟರ್ ಬಂದು ಎಲ್ಲಿಗೆ ಎಂದು ತಮಿಳಿನಲ್ಲಿ ಕೇಳಿದ, "ಎಂಗೆ ಪೋಗಣುಂ?" ನೀನು ಬಾಯಿ ತೆರೆದೆ. ಬಂದದ್ದು ಗಾಳಿ, ಜೊಲ್ಲು, ಯಾವ ಭಾಷೆಯೂ ಅಲ್ಲದ ಒಂದು ಸದ್ದು. ಅವನು ನಿನ್ನನ್ನು ಬಿಟ್ಟು ನನ್ನ ಕಡೆ ತಿರುಗಿ, "ಪೆರಿಯವರು ಮೂಗರಾ?" ಎಂದು ಕೇಳಿದ. ನೀನು ಅಲ್ಲಿಂದ ಊರು ಬರುವವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದೆ.

ಅಂದಿನಿಂದ ಎಲ್ಲರೂ ಹಾಗೇ ಮಾಡತೊಡಗಿದರು. ನೀನು ಎದುರಿಗೇ ಕೂತಿದ್ದರೂ ಬಂದವರು ಅಮ್ಮನನ್ನು ಕೇಳುತ್ತಿದ್ದರು: "ಉಣ್ತಾನಾ? ನಿದ್ದೆ ಮಾಡ್ತಾನಾ? ಅರಿವು ಐತಾ?" ಮಾತು ಹೋದರೆ ಕಿವಿಯೂ ತಲೆಯೂ ಹೋಗುತ್ತವೆ ಎಂದುಕೊಂಡಿದ್ದರು. ಚಿಕ್ಕಪ್ಪ ನಿನ್ನ ತಮ್ಮನಾಗಿದ್ದೂ ನಿನ್ನ ಲೋಟವನ್ನು ಬೇರೆ ಇಡಿಸಿದ. ಬಂದವರ ಕಣ್ಣು ನಿನ್ನ ಗಲ್ಲದ ಮೇಲೆ, ಅಲ್ಲಿಂದ ಇಳಿಯುವ ಜೊಲ್ಲಿನ ಮೇಲೆ. ನೀನು ಟವಲಿನಿಂದ ಒರೆಸಿಕೊಳ್ಳುವುದು, ಅದು ಮತ್ತೆ ಇಳಿಯುವುದು. ವಿಚಿತ್ರವೆಂದರೆ ಬಾಯಿಯೊಳಗೆ ಮಾತ್ರ ಎಂಜಲಿನ ಹನಿಯಿಲ್ಲದೆ ಒಣಗಿರುತ್ತಿತ್ತು, ಗಳಿಗೆಗೊಮ್ಮೆ ನೀರು ಬೇಕು. ಉಣ್ಣುವಾಗ ನೀನು ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂರತೊಡಗಿದೆ. ಸಂತೆಯ ದಿನ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತಿರುತ್ತಿದ್ದೆ. ನೀನು ಬದುಕಿ ಬಂದೆ ಎಂದು ಊರೆಲ್ಲ ಹೇಳುತ್ತಿತ್ತು. ಬದುಕಿ ಬಂದವನು ಹೀಗಾ ಇರಬೇಕು?

ಗಂಜಿಯ ಲೋಟವನ್ನು ನೀನು ತಳ್ಳಿದ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ಮೆತ್ತಗಿನದು ಕೊಡಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ನಾವು ಮೆತ್ತಗಿನದು ಎಂದರೆ ಗಂಜಿ, ಹಾಲು, ಹಾಲಿನಲ್ಲಿ ನೆನೆಸಿದ ಬನ್ನು ಎಂದುಕೊಂಡು ತಿಂಗಳುಗಟ್ಟಲೆ ಅದನ್ನೇ ಕೊಟ್ಟೆವು. ನೀನು ಅಮ್ಮ ತೊಳಸುತ್ತಿದ್ದ ರಾಗಿಹಿಟ್ಟಿನ ಕಡೆ ಕೈ ತೋರಿಸಿದೆ. "ಅಯ್ಯೋ, ಹಲ್ಲಿಲ್ದೋರು ಮುದ್ದೆ ಉಣ್ಣಕಾಯ್ತದಾ," ಎಂದಳು ಅಮ್ಮ. ಅಮ್ಮ ಅಂದದ್ದೇ ತಡ ನನಗೆ ನಗು ಬಂತು. ಹುಟ್ಟಿದಾಗಿನಿಂದ ಮುದ್ದೆ ನುಂಗಿಕೊಂಡು ಬಂದ ಮನೆ ನಮ್ಮದು, ಅದನ್ನು ಅಗಿದವರು ಯಾರಿದ್ದಾರೆ? ಅಗಿದರೆ ಬೈಯುತ್ತಿದ್ದವಳೇ ಅವಳು! ನಿನ್ನ ಬಾಯಿ ಎರಡು ಬೆರಳಿನಷ್ಟೇ ತೆರೆಯುತ್ತಿತ್ತು, ಅದಕ್ಕೆ ತಕ್ಕ ಹಾಗೆ ಹುಣಸೆಬೀಜದಷ್ಟು ಉಂಡೆ ಮಾಡಿ, ಖಾರವಿಲ್ಲದ ಸಾರಿನಲ್ಲಿ ಉರುಳಿಸಿ ಒಳಗಿಟ್ಟೆ. ನೀನು ಕುತ್ತಿಗೆ ವಾರೆ ಮಾಡಿ ನುಂಗಿದೆ. ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಮಾರನೆಯ ದಿನದಿಂದ ನಮ್ಮಿಬ್ಬರ ವ್ಯಾಪಾರ ಶುರುವಾಯಿತಲ್ಲ, ಅಪ್ಪ. ನಾನು ಇನ್ನೊಂದು ಎನ್ನುವುದು, ನೀನು ಬೇಡ ಎಂದು ತಲೆಯಾಡಿಸುವುದು. ಒಂದು ದಿನ ನೀನು ಹೆಗಲ ಟವಲು ತೆಗೆದು ನನ್ನ ಕೈ ಮೇಲೆ ಹಾಕಿದೆ. ಕೆಳಗೆ ನಿನ್ನ ಕೈ ಬಂದು ನನ್ನ ಎರಡು ಬೆರಳು ಹಿಡಿಯಿತು: ಎರಡು ತುತ್ತು. ನಾನು ನಿನ್ನ ಅಂಗೈಯನ್ನೇ ಹಿಡಿದೆ: ಐದು. ನೀನು ಎರಡೂವರೆ ಎಂದು ಒಂದು ಬೆರಳನ್ನು ಅರ್ಧಕ್ಕೆ ಮಡಿಸಿದೆ! ಅರ್ಧ ತುತ್ತಿಗೂ ಚೌಕಾಸಿ ಮಾಡುವ ನಿನ್ನ ಬುದ್ಧಿ ಎಲ್ಲಿಗೆ ಹೋಗಬೇಕು? ನೋವು ಎಷ್ಟಿದೆ ಎಂದು ಕೇಳಿದರೂ ಬೆರಳಲ್ಲೇ ಹೇಳುತ್ತಿದ್ದೆ. ತಿಂಗಳುಗಳ ನಂತರ ನಿನ್ನ ಮುಖದ ಆರೋಗ್ಯವಾದ ಅರ್ಧದಲ್ಲಿ ನಗು ಕಂಡಿದ್ದು ಆಗಲೇ. ಆದರೂ ಮನೆಯವರಲ್ಲದೆ ಬೇರೆ ಯಾರಾದರೂ ಬಂದರೆ ಮತ್ತೆ ಗೋಡೆಯ ಕಡೆಗೇ ತಿರುಗುತ್ತಿದ್ದೆ.

ಆಲಸನತ್ತಂನಿಂದ ನನ್ನನ್ನು ನೋಡಿ ಒಪ್ಪಿದವರು ಮಾತುಕತೆಗೆ ಬಂದರು. ಹುಡುಗ ಹೊಸೂರಿಗೆ ಹೊಸದಾಗಿ ಬಂದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಅವನ ಅಪ್ಪ ಎಲ್ಲಪ್ಪ, ಒಂದು ಕಾಲದಲ್ಲಿ ನಿನ್ನ ಕೈಯಿಂದ ಎತ್ತು ಕೊಂಡ ರೈತ. ಚಿಕ್ಕಪ್ಪ ನಿನ್ನನ್ನು ಒಳಗೇ ಇರಲು ಹೇಳಿ, ತಾನು ಚಾಪೆಯ ಮೇಲೆ ಕೂತು, "ಅಣ್ಣಂಗೆ ಹುಷಾರಿಲ್ಲ, ನಾನೇ ಎಲ್ಲ ನೋಡ್ಕಂತೀನಿ," ಎಂದ. ನಾನು ಬಾಗಿಲ ಹಿಂದೆ ನಿಂತು ಹಲ್ಲು ಕಚ್ಚಿದೆ. ನನ್ನ ಮದುವೆಯ ಮಾತಿಗೆ ನನ್ನ ಅಪ್ಪ ಇಲ್ಲವಾ? ಅಷ್ಟರಲ್ಲಿ ನೀನೇ ಹೊರಗೆ ಬಂದೆ. ಎಲ್ಲಪ್ಪನವರ ಎದುರು ಕೂತು, ಕೈಯನ್ನು ಬಾಯಿಯ ಹತ್ತಿರ ತಂದು, ಸುತ್ತ ಕೂತವರನ್ನು ತೋರಿಸಿ, ಆಗುವುದಿಲ್ಲ ಎಂದು ಅಲ್ಲಾಡಿಸಿದೆ. ನಿನ್ನ ಕಾಯಿಲೆಯ ವಿಷಯ ಹೇಳುತ್ತಿದ್ದೀಯ ಎಂದುಕೊಂಡೆ. ಎಲ್ಲಪ್ಪನವರು ಮುಂದೆ ಬಾಗಿ ನಿನ್ನ ಕಿವಿಯಲ್ಲಿ ಏನೋ ಅಂದರು. ನೀನು ಮತ್ತೆ ತಲೆಯಾಡಿಸಿ, ಹೆಗಲ ಟವಲು ತೆಗೆದೆ.

ಆ ಟವಲು! ಬೆಳಗಿನಿಂದ ಗಲ್ಲ ಒರೆಸಿ ಒರೆಸಿ ಒದ್ದೆಯಾಗಿದ್ದ ಟವಲು. ಒಗೆದದ್ದು ಕೊಡಲಿಲ್ಲವಲ್ಲ ಎಂದು ಅಮ್ಮ ಒಳಗೆ ಹಣೆ ಬಡಿದುಕೊಂಡಳು. ಎಲ್ಲಪ್ಪನವರು ಮುಖವನ್ನು ಒಂದಿಷ್ಟೂ ಬದಲಿಸದೆ ಅದರೊಳಗೆ ಕೈ ಹಾಕಿದರು. ಟವಲು ಅತ್ತ ಇತ್ತ ಆಡಿತು. ಅವರು ತಲೆ ಅಲ್ಲಾಡಿಸಿದರು, ನೀನು ಅಲ್ಲಾಡಿಸಿದೆ, ಕಡೆಗೆ ಕೈ ತಟ್ಟಿದಿರಿ. "ಆಯ್ತು, ಕುದುರ್ತು," ಎಂದು ಅವರು ಎದ್ದರು. ವರದಕ್ಷಿಣೆಯ ಮಾತೇ ಇರಬೇಕೆಂದು ಚಿಕ್ಕಪ್ಪ ಅಂದುಕೊಂಡ, ಆದರೆ ಮುಂದೆ ಅವರ ಕಡೆಯಿಂದ ಯಾರೂ ಏನೂ ಕೇಳಲಿಲ್ಲ. ಏನು ಮಾತಾಡಿದೆ ಎಂದು ನಾನು ಎಷ್ಟು ಗೋಗರೆದರೂ ನೀನು ಮುಷ್ಟಿ ಮುಚ್ಚಿ ತೋರಿಸಿದೆ, ಅಷ್ಟೇ.

ಮದುವೆಯ ಚಪ್ಪರದಲ್ಲಿ ಬೀಗರ ಪಂಕ್ತಿ ಕೂತಿತು. ನಮ್ಮಲ್ಲಿ ಹೆಣ್ಣಿನ ಅಪ್ಪ, ಗಂಡಿನ ಅಪ್ಪ ಅಕ್ಕಪಕ್ಕ ಕೂತು ಉಣ್ಣಲೇಬೇಕು, ಎರಡು ಮನೆ ಒಂದಾದವು ಎನ್ನುವುದಕ್ಕೆ ಅದೇ ಸಾಕ್ಷಿ. ನೀನು ಬರುವುದಿಲ್ಲ ಎಂದುಕೊಂಡಿದ್ದೆ. ಬಂದೆ. ಗೋಡೆಗೆ ಮುಖ ಮಾಡದೆ ಇಷ್ಟು ಜನರ ಎದುರು ಎಲೆಗೆ ಕೂತೆ. ನೀನು ಕುತ್ತಿಗೆ ವಾರೆ ಮಾಡಿ ನುಂಗುವಾಗ ನಾನು ಸುತ್ತಲಿನವರ ಮುಖಗಳನ್ನೇ ನೋಡಿದೆ. ಆದರೆ ಯಾರೂ ನಿನ್ನನ್ನು ನೋಡುತ್ತಿರಲಿಲ್ಲ, ಏಕೆಂದರೆ ಎಲ್ಲಪ್ಪನವರು ಮೂರು ತುತ್ತು ತಿಂದು ಕೈ ಕಟ್ಟಿ ಕೂತುಬಿಟ್ಟಿದ್ದರು. ಚಪ್ಪರದಲ್ಲೆಲ್ಲ ಗುಸುಗುಸು. ಉಪ್ಪು ಹೆಚ್ಚಾಯಿತಾ? ಉಡುಗೊರೆ ಕಮ್ಮಿಯಾಯಿತಾ? "ಬೀಗರು ಮುನಿಸ್ಕಂಡ್ರು" ಎಂದು ಅಮ್ಮ ಒಲೆಯ ಮುಂದೆ ಅತ್ತಳು.

ಗಂಡನ ಮನೆಗೆ ಹೋದ ಮೇಲೆ ನೋಡಿದೆ, ಮಾವ ಎರಡು ಮುದ್ದೆ ಇಳಿಸಿ ಮೇಲೆ ಅನ್ನ ಕೇಳುವ ಮನುಷ್ಯ! ಅದೇ ಮನುಷ್ಯ ನಮ್ಮ ಊರಿಗೆ ಬಂದಾಗಲೆಲ್ಲ ಮೂರು ತುತ್ತು. ನೀನು ಆಲಸನತ್ತಂಗೆ ಬಂದರೆ ತಮ್ಮ ಮನೆಯಲ್ಲೂ ಮೂರೇ ತುತ್ತು. ಆಗ ನನಗೆ ಹೊಳೆಯಿತು, ಅವರಿಗೆ ಊಟ ಹಿಡಿಸದಿರುವುದಲ್ಲ. ನಿನ್ನ ಪಕ್ಕ ಕೂತು ಉಣ್ಣಲು ಹೇಸಿಗೆ. ನಿನ್ನ ಗಲ್ಲ, ನಿನ್ನ ಜೊಲ್ಲು, ಗಂಟಲ ಸದ್ದು... ಹಾಗಾದರೆ ಅವತ್ತು ಆ ಒದ್ದೆ ಟವಲಿನೊಳಗೆ ಕೈ ಹಾಕಿದ್ದು ಹೇಗೆ? ಆ ಪ್ರಶ್ನೆ ಬರುತ್ತಿತ್ತು, ಸಿಟ್ಟು ಅದನ್ನು ನುಂಗುತ್ತಿತ್ತು. ನಿನ್ನ ಹತ್ತಿರ ದೂರಿದರೆ ನೀನು ಅರ್ಧ ಮುಖದಲ್ಲಿ ನಗುತ್ತಿದ್ದೆ. ಆ ನಗು ನೋಡಿ ನಿನ್ನ ಮೇಲೂ ಸಿಟ್ಟು ಬರುತ್ತಿತ್ತು.

ಮದುವೆಯಾದ ಮೇಲೆ ನೀನು ಮತ್ತೆ ಸಂತೆಗೆ ಹೋಗತೊಡಗಿದ್ದು ಮಾತ್ರ ನನಗೆ ದೊಡ್ಡ ಸಮಾಧಾನ. ಮೊದಲ ಸಲ ಕರೆದುಕೊಂಡು ಹೋದವರು ಮಾವನೇ. ತಮಗೆ ಒಂದು ಜೋಡಿ ಎತ್ತು ಬೇಕು, ತಿಮ್ಮರಾಯಪ್ಪನ ಕೈಯಿಂದಲೇ ಆಗಬೇಕು ಎಂದು ನಿನ್ನ ಹೆಸರು ಹೇಳಿ ಹಟ ಹಿಡಿದರಂತೆ. ಹೊಗಳಲು ನಿನಗೆ ಬಾಯಿಲ್ಲ ಎಂದು ಉಳಿದ ದಲ್ಲಾಳಿಗಳು ನಗಾಡಿದರಂತೆ. ಬೆರಳಿದೆಯಲ್ಲ! ಆಮೇಲೆ ಕೆಲವು ರೈತರು, "ಇವನು ಸುಳ್ಳು ಹೊಗಳಂಗಿಲ್ಲ, ವಾಸಿ" ಎಂದು ನಿನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು ಎಂದು ಕೇಳಿ ನಾನೂ ನನ್ನ ಗಂಡನೂ ಹೊಟ್ಟೆ ಹಿಡಿದು ನಕ್ಕೆವು. ನೀರಿನ ಬಾಟಲಿ ಒಂದು ಕೈಯಲ್ಲಿ, ಟವಲು ಹೆಗಲಲ್ಲಿ. ನೋವು ಇರುತ್ತಿತ್ತು, ಕುತ್ತಿಗೆ ತಿರುಗುತ್ತಿರಲಿಲ್ಲ, ಒಂದು ತೋಳು ಮೇಲೆ ಏಳುತ್ತಿರಲಿಲ್ಲ. ಆದರೂ ಆ ವರ್ಷಗಳಲ್ಲಿ ನೀನು ಬದುಕಿದ್ದೆ, ಅಪ್ಪ.

ಆ ಕಾಯಿಲೆ ಮತ್ತೆ ಕುತ್ತಿಗೆಯಲ್ಲಿ ಗಂಟಾಗಿ ಕಾಣಿಸಿತು. ಈ ಸಲ ಬೆಂಗಳೂರಿನವರು ನಿನ್ನನ್ನು ಮನೆಗೇ ಕರೆದುಕೊಂಡು ಹೋಗಿ ಎಂದರು. ಕಡೆಯ ದಿನಗಳಲ್ಲಿ ನಾನು ನಿನ್ನ ಪಕ್ಕದಲ್ಲೇ ಇದ್ದೆ. ಒಂದು ಬೆಳಿಗ್ಗೆ ನೀರಿನ ಚಮಚ ಹಿಡಿದು, ಟವಲಿನ ಕೆಳಗೆ ನಿನ್ನ ಅಂಗೈ ಹಿಡಿದೆ: ಐದು ಚಮಚ. ನೀನು ಚೌಕಾಸಿ ಮಾಡುತ್ತೀಯ ಎಂದು ಕಾದೆ. ನೀನು ನನ್ನ ಕೈಗೆ ಮೆಲ್ಲಗೆ ತಟ್ಟಿದೆ. ಒಪ್ಪಿದೆ ಎಂದು. ನಿನ್ನಂಥ ದಲ್ಲಾಳಿ ಹೇಳಿದ ಬೆಲೆಗೇ ಒಪ್ಪಿದಾಗ ನನಗೆ ಎಲ್ಲ ಅರ್ಥವಾಯಿತು.

ಇನ್ನು ಮೊನ್ನೆಯ ಸುದ್ದಿ. ಎಡೆಗೆ ಮುದ್ದೆ, ಖಾರವಾಗಿ ಬಸ್ಸಾರು, ಪಕ್ಕದಲ್ಲಿ ನಿನ್ನ ಪಂಚೆ, ಆ ಟವಲು. ಅಮ್ಮ ಎಲೆಅಡಿಕೆಯ ಮೇಲೆ ಒಂದು ಚಿಟಿಕೆ ಹೊಗೆಸೊಪ್ಪು ಇಡಲು ಬಂದಳು. ನಾನು ಕೈ ಹಿಡಿದೆ. "ಸತ್ತೋರ್ಗೆ ಇನ್ನೇನಾಯ್ತದೆ ಬುಡೇ, ಆಸೆಪಡ್ತಿದ್ದ," ಅಂದಳು. ಮಾತು ಸರಿಯೇ, ಆದರೆ ನನ್ನಿಂದ ಆಗಲಿಲ್ಲ. ನಿನಗೆ ಬೇಕಿತ್ತೆಂದರೆ ನನ್ನ ಮೇಲೆ ಕೋಪ ಮಾಡಿಕೋ. ಆ ಚಿಟಿಕೆಯನ್ನು ಅಮ್ಮ ಎಲ್ಲಿ ಹಾಕಿದಳೋ ನೋಡಲಿಲ್ಲ, ತನ್ನ ಬಾಯಿಗೇ ಹಾಕಿಕೊಂಡಿರಬಹುದು. ಅವಳನ್ನು ಹೊಸೂರಿನ ಡಾಕ್ಟರ ಹತ್ತಿರ ಬಾಯಿ ತೋರಿಸಲು ಕರೆದುಕೊಂಡು ಹೋಗುತ್ತೇನೆ, ಇದು ನನ್ನ ಮಾತು. ಅಲ್ಲಿಯವರೆಗೆ ಅವಳ ಜೊತೆ ದಿನಾ ಜಗಳ ಇದ್ದೇ ಇದೆ.

ಊಟಕ್ಕೆ ಕೂತಾಗ, ಹಬ್ಬಕ್ಕೆಂದು ನಮ್ಮೂರಿಗೆ ಬಂದಿದ್ದ ಮಾವನ ಎಲೆಗೆ ಬೇಕೆಂದೇ ಮುದ್ದೆಯ ಒಂದು ಚೂರು ಇಟ್ಟು, "ಸಾಕಲ್ವಾ ಮಾವ? ನಮ್ಮನೇದು ನಿಮ್ಗೆ ಮೂರು ತುತ್ತಿಗಿಂತ ಹೆಚ್ಗೆ ಇಳಿಯಲ್ವಲ್ಲ," ಎಂದೆ. ನನ್ನ ಗಂಡ ತಲೆ ತಗ್ಗಿಸಿದ. ಮಾವ ನನ್ನನ್ನೇ ನೋಡಿದರು. "ಆ ಟವಲು ತತ್ತಾ ಇಲ್ಲಿ," ಅಂದರು. ಎಡೆಯ ಹತ್ತಿರದಿಂದ ತಂದುಕೊಟ್ಟೆ. "ಕೈ ಕೊಡಮ್ಮ." ಮಾವ ಸೊಸೆಯ ಕೈ ಹಿಡಿಯುವುದು ನಮ್ಮಲ್ಲಿಲ್ಲ, ಆದರೆ ಮೇಲೆ ನಿನ್ನ ಟವಲಿತ್ತು. ಕೆಳಗೆ ಅವರ ಒರಟು ಕೈ ನನ್ನ ಒಂದು ಬೆರಳು ಹಿಡಿಯಿತು. "ಇದು ನಿಮ್ಮಪ್ಪ ಅಂದಿದ್ದು." ಆಮೇಲೆ ಇಡೀ ಅಂಗೈ. "ಇದು ನಾನಂದಿದ್ದು." ಆಮೇಲೆ ಮೂರು ಬೆರಳು. ಹಿಡಿದು, ತಟ್ಟಿದರು.

"ಮಾತುಕತೆ ದಿನ ನಿಮ್ಮಪ್ಪ ಕೇಳಿದ್ದು ಒಂದೇಯ. ಬೀಗರ ಪಂಕ್ತಿಗೆ ನನ್ನ ಕೂರಿಸ್ಬೇಡಿ, ನೋಡ್ದೋರು ಎದ್ದೋಗ್ತಾರೆ ಅಂತ. ನಿನ್ನ ಬುಟ್ಟು ನಾನು ಉಣ್ಣಲ್ಲ ಕಣ್ಲಾ ಅಂತ ಕಿವಿನಾಗೆ ಅಂದೆ. ಹಂಗಾರೆ ಒಂದೇ ತುತ್ತು ಅಂದ. ನಾನು ಐದು ಅಂದೆ. ಮೂರಕ್ಕೆ ಕುದುರ್ತು."

"ಅವ್ರಿಗೆ ಮೂರು ಸರಿ. ನಿಮ್ಗ್ಯಾಕೆ ಮೂರು?" ಎಂದು ಕೇಳಿದೆ.

"ಅವ್ನು ಮೂರಕ್ಕೆ ಕೈ ಕಟ್ಕಂಡು ಕುಂತು, ಪಕ್ಕದಾಗೆ ನಾನು ಗಬಗಬ ಅಂತ ಬಾರಿಸ್ತಿದ್ರೆ ಜನ ಯಾರ ಎಲೆ ನೋಡ್ತಾರಮ್ಮ? ಇಬ್ರೂ ಮೂರಕ್ಕೇ ನಿಲ್ಲಿಸಿದ್ರೆ, ಬೀಗ ಮುನಿಸ್ಕಂಡ ಅಂತ ನನ್ನ ನೋಡ್ತಾರೆ. ನೋಡ್ಲಿ ಬುಡು, ನನ್ನ ಮುಖಕ್ಕೇನಾಗಿತ್ತು?"

"ನಂಗಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ ಮಾವ..."

"ಟವಲಿನ ಕೆಳಗಿನ ಮಾತು. ಆ ಕಡೆ ಕೈ ಇರೋಗಂಟ ಮೇಲಕ್ಕೆ ತರಂಗಿಲ್ಲ. ಈಗ ಆ ಕಡೆ ಕೈ ಇಲ್ಲ," ಎಂದು ಮಾವ ಟವಲನ್ನು ಮಡಿಸಿ ನನ್ನ ಕೈಗಿಟ್ಟರು. "ಮುದ್ದೆ ಇಕ್ಕು. ಹಸಿವಾಗ್ತೈತೆ."

ನೀನು ಇದೆಲ್ಲ ಬಲ್ಲೆ. ಅದಕ್ಕೇ ಅಲ್ಲವಾ ಆ ಅರ್ಧ ನಗು? ಕಳ್ಳ ನೀನು, ನಿನ್ನ ಬೀಗನೂ ಕಳ್ಳ. ಆದರೆ ಇದರ ಮುಂದಿನದು ನಿನಗೆ ಗೊತ್ತಿಲ್ಲ, ಅದನ್ನು ಹೇಳಲೆಂದೇ ಇಷ್ಟು ಬರೆದೆ. ಮಾವ ನಮ್ಮನೆಯಲ್ಲಿ ಎರಡು ಮುದ್ದೆ ಉಂಡರು, ಅಪ್ಪ. ನಾನೇ ಬಡಿಸಿದೆ. ಅಮ್ಮ ಮತ್ತೆ ಎಸರಿಡಬೇಕಾಯಿತು. ಮೂರು ತುತ್ತು ಆದ ಮೇಲೆ ಮಾತ್ರ ಅವರ ಕೈ ಎಲೆಯ ಮೇಲೆ ಒಂದು ಗಳಿಗೆ ನಿಂತಿತು. ಪಕ್ಕದಲ್ಲಿದ್ದ ನಿನ್ನ ಎಡೆಯ ಕಡೆ ತಿರುಗಿ ನೋಡಿ, ನಾಲ್ಕನೆಯದನ್ನು ಸಾರಿಗೆ ಅದ್ದಿದರು.

ನಿನ್ನ
ರತ್ನಿ